ವಾಟಣಿಯಲ್ಲಿ ಎತ್ತು ಮತ್ತು ಹಂಡೆ

ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರಗಳ ಕಡೆಯ ನಮ್ಮ ಒಕ್ಕಲು ಮನೆತನಗಳಲ್ಲಿ ಅಣ್ಣತಮ್ಮಂದಿರು ಬೇರೆಯಾಗುವುದಕ್ಕೆ 'ವಾಟಣಿ' ಎಂಬ ಮರಾಠಿ ಮಾತೇ ರೂಢಿಯಾಗಿದೆ. ಹೊಲದ ವಾಟಣಿಗೆ ಕಾಗದಪತ್ರಗಳುಂಟು. ಸಾತಬಾರಾ ಉತಾರದಲ್ಲಿ ಹೆಸರು ಏರುತ್ತದೆ. ದನಕರು, ಹಂಡೆಪಾತ್ರೆಗಳ ವಾಟಣಿಯಾದರೋ ಹಿರಿಯರ ಸಮಕ್ಷಮದಲ್ಲಿ ಬಾಯಿಮಾತಿನಿಂದಲೇ ಮುಗಿಯುತ್ತಿತ್ತು. ಅದರಲ್ಲಿ ಯಾರಿಗೇನು ಬಂದಿತು, ಯಾರಿಗೇನು ತಪ್ಪಿತು ಎಂಬುದನ್ನು ಹೇಳುವ ಕಾಗದವಿಲ್ಲ.

ಮೂವರು ಅಣ್ಣತಮ್ಮಂದಿರು, ಮನೆಯಲ್ಲಿರುವುದು ಒಂದೇ ಜೋಡಿ ಖಿಲಾರಿ ಎತ್ತು. ಒಟ್ಟಿಗೆ ಪಳಗಿದ ಜೋಡಿಯನ್ನು ಒಡೆದರೆ ಉಳುಮೆಯೂ ಕೆಟ್ಟಿತು, ಬೆಲೆಯೂ ಕೆಟ್ಟಿತು. ಆದುದರಿಂದ ಹಿರಿಯರು ಒಂದೊಂದಕ್ಕೂ ಬೆಲೆ ಕಟ್ಟಿ, ಜೋಡಿಯನ್ನು ಒಬ್ಬನಿಗೆ, ಚಕ್ಕಡಿಯನ್ನು ಇನ್ನೊಬ್ಬನಿಗೆ, ಹಯನದ ಎಮ್ಮೆಯನ್ನು ಮತ್ತೊಬ್ಬನಿಗೆ ಹಚ್ಚಿ, ಹೆಚ್ಚುಕಡಿಮೆಯನ್ನು ಜೋಳದ ಚೀಲಗಳಿಂದ ಸರಿದೂಗಿಸುತ್ತಿದ್ದರು. ಕೂರಿಗೆ ಮಾತ್ರ ಮೂವರಿಗೂ ಸೇರಿಯೇ ಉಳಿಯುತ್ತಿತ್ತು. ಬಿತ್ತುವ ಹದ ಎಲ್ಲರ ಹೊಲಕ್ಕೂ ಒಮ್ಮೆಗೇ ಬರುವುದರಿಂದ, ವಾಟಣಿಯ ದಿನ ಆಗದ ಜಗಳ ಕೂರಿಗೆಯ ಪಾಳಿಯಲ್ಲಿ ಆಗುತ್ತಿತ್ತೆನ್ನಿ!

ಹಿರಿಯ ಮಗನಿಗೆ ಇಪ್ಪತ್ತರಲ್ಲೊಂದು ಪಾಲು ಹೆಚ್ಚು, ಮೇಲೆ ಮನೆಯ ಅತ್ಯುತ್ತಮ ವಸ್ತು ಎಂದು ಮನುಸ್ಮೃತಿ ವಿಧಿಸುತ್ತದೆ. ನಮ್ಮಲ್ಲಿ ಅದು ನಡೆಯಲಿಲ್ಲ. ಇಲ್ಲಿಂದ ಬಹುದೂರವಲ್ಲದ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ, 'ಮಿತಾಕ್ಷರ'ವನ್ನು ಬರೆದ ವಿಜ್ಞಾನೇಶ್ವರನು, ಇಂಥ ವಿಷಮ ವಿಭಾಗವು ಶಾಸ್ತ್ರದಲ್ಲಿದ್ದರೂ ಲೋಕಕ್ಕೆ ಒಪ್ಪಿಗೆಯಿಲ್ಲವಾದ್ದರಿಂದ ಆಚರಿಸತಕ್ಕುದಲ್ಲ ಎಂದು ಸಾರಿದನು. ತಾಯಿಯ ಸ್ತ್ರೀಧನವು ಹೆಣ್ಣುಮಕ್ಕಳಿಗೆ, ಅವರಲ್ಲಿಯೂ ಮದುವೆಯಾಗದವಳಿಗೆ ಮೊದಲು ಸಲ್ಲಬೇಕೆಂದೂ ಅವನೇ ಹೇಳಿದ್ದಾನೆ. ಮೊದಲನೆಯ ಮಾತನ್ನು ನಮ್ಮ ಹಿರಿಯರು ಚಾಚೂ ತಪ್ಪದೆ ನಡೆಸಿದರು. ಎರಡನೆಯದನ್ನು ಮರೆತರು.

ನಾವು ಕಂಡ ಒಂದು ವಾಟಣಿಯಲ್ಲಿ ಪಾತ್ರೆಗಳನ್ನು ಅಂಗಳದಲ್ಲಿ ಮೂರು ಗುಂಪು ಮಾಡಿಟ್ಟಿದ್ದರು. ತಾಮ್ರದ ಹಂಡೆಯೊಂದರ ಕಂಠದಲ್ಲಿ, ತೀರಿಹೋದ ತಾಯಿಯ ಹೆಸರು, ಅವಳ ತವರೂರಿನ ಹೆಸರು ಚುಕ್ಕಿಚುಕ್ಕಿಯಾಗಿ ಕನ್ನಡ ಅಕ್ಷರಗಳಲ್ಲಿ ಕೊರೆದಿದ್ದವು. ಅದು ಯಾರದೆಂದು ಕೇಳುವ ಅಗತ್ಯವೇ ಇರಲಿಲ್ಲ. ಯಾರೂ ಕೇಳಲೂ ಇಲ್ಲ. ಮಗಳು ಅಡಿಗೆಮನೆಯ ಬಾಗಿಲಲ್ಲಿಯೇ ನಿಂತಿದ್ದಳು. ಕೇಳಿದರೆ ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆ ಅವಳದು. ಸಂಜೆಗೆ ಅವಳಿಗೆ ಉಡಿ ತುಂಬಿ, ಸೀರೆ ಉಡಿಸಿ ಕಳುಹಿದರು. ಹಂಡೆ ಹಿರಿಯ ಮಗನ ಬಚ್ಚಲಿಗೆ ಹೋಯಿತು.

ಕಾಯಿದೆ ಈಗ ಬಹಳ ಮುಂದೆ ಬಂದಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ, ಮರಣಪತ್ರ ಬರೆಯದೆ ತೀರಿದ ತಾಯಿಯ ಸ್ವತ್ತು ಗಂಡುಮಕ್ಕಳು, ಹೆಣ್ಣುಮಕ್ಕಳು, ಗಂಡ, ಇವರಿಗೆ ಸಮನಾಗಿ ಸಲ್ಲುತ್ತದೆ. ಪಿತ್ರಾರ್ಜಿತದಲ್ಲಿ ಮಗಳಿಗೂ ಹುಟ್ಟಿನ ಹಕ್ಕನ್ನು ಮಹಾರಾಷ್ಟ್ರವು 1994ರಲ್ಲಿ, ಆಗ ಮದುವೆಯಾಗದಿದ್ದವರ ಮಟ್ಟಿಗೆ, ಕೊಟ್ಟಿತು. 2005ರ ತಿದ್ದುಪಡಿ ಆ ಹಕ್ಕನ್ನು ದೇಶಕ್ಕೆಲ್ಲ ವಿಸ್ತರಿಸಿತು. 2005ರಲ್ಲಿ ತಂದೆ ಬದುಕಿರಬೇಕೆಂಬ ನಿಯಮವಿಲ್ಲವೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಇಷ್ಟಾಗಿಯೂ ಅಣ್ಣತಮ್ಮಂದಿರು ಮುಂದಿಟ್ಟ ಹಕ್ಕಸೋಡ ಪತ್ರಕ್ಕೆ ರುಜು ಹಾಕಿ ಬರುವ ಹೆಣ್ಣುಮಕ್ಕಳು ನಮ್ಮಲ್ಲಿ ಕಡಿಮೆಯಿಲ್ಲ.

ಹೊಲದ ಮಾತು ವಕೀಲರಿಗಿರಲಿ. ದನಕ್ಕೂ ಪಾತ್ರೆಗೂ ಅಷ್ಟು ದೂರ ಹೋಗಬೇಕಾಗಿಲ್ಲ. ಚರವಸ್ತುವಿನ ದಾನಕ್ಕೆ ನೋಂದಣಿ ಬೇಕಿಲ್ಲ. ಒಡೆಯರು ಮನಃಪೂರ್ವಕವಾಗಿ ಕೈಯಾರೆ ಒಪ್ಪಿಸಿ, ಪಡೆಯುವವರು ಸ್ವೀಕರಿಸಿದರೆ ಸಾಕು. ತಾಯಂದಿರು ತಮ್ಮ ವಸ್ತುಗಳ ಯಾದಿಯೊಂದನ್ನು ಬರೆಯಿಸಿ, ತಾವು ಬದುಕಿರುವಾಗಲೇ ಕೊಡುವುದನ್ನು ಕೊಟ್ಟುಬಿಡುವುದು ಲೇಸು. ಹಸುವಾದರೆ ಹಗ್ಗವನ್ನು ಮಗಳ ಕೈಗೆ ಕೊಡಬೇಕು. ಹಂಡೆಯಾದರೆ ಅವಳು ಊರಿಗೆ ಹೊರಟ ದಿನವೇ ಗಾಡಿಗೆ ಏರಿಸಬೇಕು.