ಉಪ್ಪುಸಾರಿಗೆ ಖಾರ ಬಂದ ಬಗೆ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆ ಮುದ್ದೆಗೆ ಉಪ್ಪುಸಾರು ಬಡಿಸಿದರೆ ತಟ್ಟೆಯ ಅಂಚಿಗೆ ಖಾರ ಇರಲೇಬೇಕು. ಮೆಣಸಿನಕಾಯಿಯ ಜೊತೆ ನಾಲ್ಕು ಕಾಳುಮೆಣಸನ್ನೂ ಹಾಕಿ ಅರೆಯುವ ಮನೆಗಳುಂಟು. ಎರಡರಲ್ಲಿ ಈ ನೆಲದ್ದು ಕಾಳುಮೆಣಸು ಮಾತ್ರ. ಮೆಣಸಿನಕಾಯಿ ಮೆಕ್ಸಿಕೊ ಕಡೆಯದು. 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಬಂದಿತು. ಹಳೆಯ ಮೆಣಸಿನ ಹೆಸರನ್ನೇ ನಾವು ಅದಕ್ಕೂ ಕೊಟ್ಟೆವು.

ಗಿಡ ಖಾರವಾದದ್ದು ನಮಗಾಗಿ ಅಲ್ಲ. ಅದರಲ್ಲಿರುವ ಕ್ಯಾಪ್ಸೈಸಿನ್ ಬಿಸಿಯನ್ನು ಗುರುತಿಸುವ ನರಗಳನ್ನೇ ಕೆಣಕುತ್ತದೆ. ಬಾಯಿ ಸುಟ್ಟಿತೆಂದು ಮಿದುಳು ನಂಬುತ್ತದೆ. (ಈ ಗುಟ್ಟು ಬಿಡಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂದಿತು.) ಬೀಜವನ್ನು ಅಗಿದು ಹಾಳುಮಾಡುವ ಇಲಿ ಹತ್ತಿರ ಸುಳಿಯುವುದಿಲ್ಲ. ಹಕ್ಕಿಗೆ ಖಾರ ಹತ್ತದು. ನುಂಗಿದ ಬೀಜವನ್ನು ದೂರ ಬಿತ್ತುತ್ತದೆ.

ಹಾಗಿದ್ದರೆ ಮನುಷ್ಯನೇಕೆ ತಿಂದ? ಬಿಸಿ ಸೀಮೆಗಳಲ್ಲಿ ಆಹಾರ ಕೆಡಿಸುವ ಸೂಕ್ಷ್ಮಜೀವಿಗಳನ್ನು ತಡೆಯಲು ಎಂದು 1998ರಲ್ಲಿ ಇಬ್ಬರು ವಿಜ್ಞಾನಿಗಳು ವಾದಿಸಿದರು. 2021ರ ಅಧ್ಯಯನವೊಂದು ಅದನ್ನು ಒಪ್ಪಲಿಲ್ಲ. ಅಪಾಯವಿಲ್ಲದ ಉರಿಯಲ್ಲೇ ಒಂದು ಸುಖವಿದೆ ಎನ್ನುತ್ತಾರೆ ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್.

ನಮ್ಮ ಸೀಮೆಯ ಮಟ್ಟಿಗೆ ಕಾರಣ ಇನ್ನೂ ಸರಳವೆನಿಸುತ್ತದೆ. ಮುದ್ದೆ ಸಪ್ಪೆ, ಅಗಿಯದೆ ನುಂಗುವಂಥದು. ಅದು ಜಾರಲು ಬಾಯಲ್ಲಿ ನೀರೂರಬೇಕು. ಕಾಳುಮೆಣಸನ್ನು ದುಡ್ಡು ಕೊಟ್ಟು ಮಲೆನಾಡಿನಿಂದ ತರಿಸಬೇಕು. ಮೆಣಸಿನಗಿಡವಾದರೋ ಹಿತ್ತಿಲಲ್ಲೇ ಕಾಯಿ ಬಿಡುತ್ತದೆ.