ನುಂಗಿದ ಮುದ್ದೆ ಕರಗುವ ಬಗೆ

ಮಾಗಡಿ ರಸ್ತೆಯಲ್ಲಿ ಕಾಮಾಕ್ಷಿಪಾಳ್ಯವನ್ನು ದಾಟಿ ಪಶ್ಚಿಮಕ್ಕೆ ಸಾಗಿದರೆ ಸಿಕ್ಕುವ ಸುಂಕದಕಟ್ಟೆಯಲ್ಲಿ, ಮಧ್ಯಾಹ್ನದ ಊಟದ ಹೊತ್ತಿಗೆ, ಗಾರ್ಮೆಂಟ್ಸುಗಳಿಂದಲೂ ಸಣ್ಣಪುಟ್ಟ ವರ್ಕ್‌ಷಾಪುಗಳಿಂದಲೂ ಹೊರಬಂದ ದುಡಿಮೆಗಾರರು ಮುದ್ದೆಯ ಮುಂದೆ ಕುಳಿತಾಗ ಅವರ ಕೈಯನ್ನು ಗಮನವಿಟ್ಟು ನೋಡಬೇಕು. ಬಿಸಿ ಮುದ್ದೆಯ ಅಂಚಿನಿಂದ ಒಂದು ತುಣುಕನ್ನು ಮುರಿದು, ಬೆರಳ ತುದಿಯಲ್ಲಿ ಉಂಡೆ ಮಾಡಿ, ಹೆಬ್ಬೆರಳಿನಿಂದ ನಡುವೆ ಗುಳಿಯೊತ್ತಿ, ಆ ಗುಳಿಯಲ್ಲಿ ಬಸ್ಸಾರನ್ನು ತುಂಬಿಕೊಂಡು ಬಾಯಿಗಿಟ್ಟರೆಂದರೆ, ಅದು ಹಲ್ಲಿಗೆ ಸೋಕದೆ ಗಂಟಲಿಗಿಳಿಯುತ್ತದೆ. ಮುದ್ದೆಯನ್ನು ಅಗಿಯುವವನು ಈ ಸೀಮೆಗೆ ಹೊಸಬನೆಂದು ಪಕ್ಕದಲ್ಲಿ ಕುಳಿತವರು ಕೂಡಲೆ ತಿಳಿಯುತ್ತಾರೆ. ಶಾಲೆಯ ಪಾಠಪುಸ್ತಕವಾದರೋ, ಪಿಷ್ಟದ ಪಚನವು ಬಾಯಲ್ಲಿಯೇ ಆರಂಭವಾಗುವುದೆಂದೂ ಆದಕಾರಣ ಚೆನ್ನಾಗಿ ಅಗಿದು ಉಣ್ಣಬೇಕೆಂದೂ ಬೋಧಿಸುತ್ತದೆ. ಹಾಗಾದರೆ ನುಂಗಿದ ಮುದ್ದೆಯ ಗತಿಯೇನು?

ರಾಗಿಹಿಟ್ಟಿನ ಬಹುಭಾಗ ಪಿಷ್ಟವೇ. ಪಿಷ್ಟವೆಂದರೆ ಅಸಂಖ್ಯ ಗ್ಲೂಕೋಸ್ ಘಟಕಗಳು ಒಂದಕ್ಕೊಂದು ಬೆಸೆದು ಆದ ದೀರ್ಘ ಸರಣಿ. ಕರುಳು ಬಿಡಿಬಿಡಿಯಾದ ಗ್ಲೂಕೋಸನ್ನು ಹೀರಬಲ್ಲುದಲ್ಲದೆ ಆ ಸರಣಿಯನ್ನು ಹಾಗೆಯೇ ಹೀರಲಾರದು. ಬೆಸುಗೆಯನ್ನು ಬಿಡಿಸುವುದಕ್ಕೆ ಬೇಕಾದುದು ನೀರೊಂದೇ, ನಿಜ. ಆದರೆ ನೀರನ್ನೇ ನೆಚ್ಚಿ ಕುಳಿತರೆ, ಅಂಥ ಬೆಸುಗೆಗಳಲ್ಲಿ ಅರ್ಧದಷ್ಟು ಬಿಡುವುದಕ್ಕೆ ಸಾಮಾನ್ಯ ಉಷ್ಣತೆಯಲ್ಲಿ ಸುಮಾರು 50 ಲಕ್ಷ ವರ್ಷಗಳು ಹಿಡಿಯುವುವೆಂದು ಅಮೆರಿಕದ ರಿಚರ್ಡ್ ವುಲ್ಫೆಂಡನ್ ಮತ್ತು ಸಂಗಡಿಗರು 1998ರಲ್ಲಿ ಲೆಕ್ಕ ಹಾಕಿದರು. ಅದೇ ಕಾರ್ಯವನ್ನು ನಮ್ಮ ದೇಹವು ಒಂದು ಊಟಕ್ಕೂ ಮುಂದಿನ ಊಟಕ್ಕೂ ನಡುವಣ ಅವಧಿಯಲ್ಲಿ ಮುಗಿಸುತ್ತದೆ. ಈ ಅಗಾಧವಾದ ಅಂತರವನ್ನು ತುಂಬುವ ವಸ್ತುವೇ ಕಿಣ್ವ.

ಕಿಣ್ವವು ಸಾಮಾನ್ಯವಾಗಿ ಒಂದು ಪ್ರೋಟೀನು. ತನ್ನಲ್ಲಿಯೇ ಮಡಿಚಿಕೊಂಡ ಅದರ ಮೈಯಲ್ಲಿ ಒಂದು ಸೀಳು ಇರುತ್ತದೆ. ಪಿಷ್ಟದ ಸರಣಿಯ ತುಸು ಭಾಗ ಆ ಸೀಳಿನೊಳಕ್ಕೆ ಸರಿದು ಕುಳಿತಾಗ, ಬಿಡಬೇಕಾದ ಬೆಸುಗೆಯು ಸೆಳೆತಕ್ಕೊಳಗಾಗುತ್ತದೆ, ನೀರಿನ ಅಣುವೊಂದು ಸರಿಯಾದ ದಿಕ್ಕಿನಿಂದ ಅದರ ಬಳಿಗೆ ಬರುತ್ತದೆ, ಸರಣಿ ತುಂಡಾಗುತ್ತದೆ, ತುಂಡುಗಳು ಕಳಚಿಹೋಗುತ್ತವೆ, ಕಿಣ್ವವು ಇದ್ದಂತೆಯೇ ಇದ್ದು ಮತ್ತೊಂದು ಬೆಸುಗೆಗೆ ಸಿದ್ಧವಾಗುತ್ತದೆ. ಜರ್ಮನಿಯ ಎಮಿಲ್ ಫಿಷರನು 1894ರಲ್ಲಿ ಇದನ್ನು ಬೀಗಕ್ಕೂ ಬೀಗದ ಕೈಗೂ ಹೋಲಿಸಿದನು; 1958ರಲ್ಲಿ ಡೇನಿಯಲ್ ಕೋಶ್‌ಲ್ಯಾಂಡನು, ಕಿಣ್ವವು ಅಷ್ಟು ಜಡವಾದುದಲ್ಲ, ಬಂದ ವಸ್ತುವಿಗೆ ತಕ್ಕಂತೆ ತನ್ನ ಆಕಾರವನ್ನೂ ತುಸು ಹೊಂದಿಸಿಕೊಳ್ಳುತ್ತದೆಂದು ತಿದ್ದಿದನು. ಆಕಾರದಲ್ಲಿಯೇ ಅದರ ಶಕ್ತಿಯೆಲ್ಲ ಇರುವುದರಿಂದ, ಅತಿಯಾದ ಶಾಖವಾಗಲಿ ಆಮ್ಲವಾಗಲಿ ಆ ಮಡಿಕೆಯನ್ನು ಕೆಡಿಸಿತೆಂದರೆ ಕಿಣ್ವದ ಕೆಲಸ ಅಲ್ಲಿಗೆ ಮುಗಿಯಿತು.

ಈಗ ಮುದ್ದೆಗೆ ಬರೋಣ. ಲಾಲಾರಸದಲ್ಲಿ ಅಮೈಲೇಸ್ ಎಂಬ ಪಿಷ್ಟಭಂಜಕ ಕಿಣ್ವವಿರುವುದು ದಿಟ. ನುಂಗಿದ ತುತ್ತಿಗೆ ಅದರ ಸಂಗ ದೊರೆಯುವುದು ಅತ್ಯಲ್ಪ ಕಾಲ. ಜಠರವನ್ನು ಸೇರಿದಮೇಲಂತೂ ಅಲ್ಲಿನ ಆಮ್ಲವು ಬೆರೆತ ಕಡೆಯಲ್ಲೆಲ್ಲ ಆ ಕಿಣ್ವ ನಿಷ್ಕ್ರಿಯವಾಗುತ್ತದೆ. ಇಷ್ಟಾದರೂ ಹಾನಿಯೇನೂ ಇಲ್ಲ. ಜಠರದಿಂದ ಹೊರಟ ಅನ್ನವು ಸಣ್ಣ ಕರುಳಿನ ಆದಿಭಾಗಕ್ಕೆ ಬಂದಾಗ ಮೇದೋಜೀರಕ ಗ್ರಂಥಿಯು ತನ್ನ ಕ್ಷಾರರಸದಿಂದ ಆಮ್ಲವನ್ನು ಶಮನಗೊಳಿಸಿ, ಲಾಲಾರಸದ್ದಕ್ಕಿಂತ ಎಷ್ಟೋ ಹೆಚ್ಚಿನ ಪ್ರಮಾಣದಲ್ಲಿ ತನ್ನದೇ ಅಮೈಲೇಸನ್ನು ಸುರಿಸುತ್ತದೆ. ಪಿಷ್ಟದ ಬಹುಪಾಲು ಕತ್ತರಿಸಲ್ಪಡುವುದು ಇಲ್ಲಿ. ಉಳಿದ ಕಿರುತುಂಡುಗಳನ್ನು ಕರುಳಿನ ಒಳಪೊರೆಗೆ ಅಂಟಿಕೊಂಡಿರುವ ಮಾಲ್ಟೇಸ್ ಮೊದಲಾದ ಕಿಣ್ವಗಳು ಗ್ಲೂಕೋಸಾಗಿ ಬಿಡಿಸುತ್ತವೆ. ಹಲ್ಲು ಮಾಡದೆ ಬಿಟ್ಟ ಕೆಲಸದ ಒಂದು ಪಾಲನ್ನು ಒಲೆಯೇ ಮಾಡಿರುತ್ತದೆ: ಕುದಿಯುವ ನೀರಿನಲ್ಲಿ ಹಿಟ್ಟು ಬೆಂದು, ಕೋಲಿನಿಂದ ತಿರುವಿದಾಗ, ಹಸಿ ಪಿಷ್ಟದ ಬಿಗಿಯಾದ ಕಣಗಳು ನೀರುಂಡು ಉಬ್ಬಿ ಸಡಿಲುತ್ತವೆ, ಹಾಗೆ ಸಡಿಲಿದ ಪಿಷ್ಟವೇ ಕಿಣ್ವಕ್ಕೆ ಸುಲಭವಾಗಿ ದಕ್ಕುವುದು. ಮುದ್ದೆಯಲ್ಲಿ ಹಸಿಹಿಟ್ಟಿನ ಗಂಟು ಉಳಿಯಬಾರದೆಂದು ನಮ್ಮ ಹೆಂಗಸರು ಅಷ್ಟೊಂದು ಎಚ್ಚರ ವಹಿಸುವುದು ಎಲ್ಲ ವಿಧದಲ್ಲಿಯೂ ಯುಕ್ತವಾದುದು.

ರಾಗಿಯ ಸಿಪ್ಪೆಯಲ್ಲಿರುವ ಪಾಲಿಫೀನಾಲುಗಳು ಈ ಅಮೈಲೇಸನ್ನು ತಡೆಯಬಲ್ಲವೆಂಬುದನ್ನು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು 2009ರಲ್ಲಿ ಪ್ರಕಟಿಸಿದರು. ಅದು ಪ್ರಯೋಗಶಾಲೆಯ ನಳಿಕೆಯಲ್ಲಿ ಕಂಡ ಫಲ. ಸಕ್ಕರೆ ಕಾಯಿಲೆಯವರು ಇದನ್ನೇ ನೆಚ್ಚಿ ಮುದ್ದೆಯ ಗಾತ್ರವನ್ನು ಹಿಗ್ಗಿಸತಕ್ಕದ್ದಲ್ಲ.

ನನಗೆ ಇದಕ್ಕಿಂತ ಮಹತ್ತ್ವದ್ದಾಗಿ ತೋರುವುದು ಹಸುಳೆಯ ವಿಚಾರ. ನವಜಾತ ಶಿಶುವಿನ ಮೇದೋಜೀರಕ ಗ್ರಂಥಿಯಲ್ಲಿ ಅಮೈಲೇಸ್ ಇಲ್ಲವೆನ್ನುವಷ್ಟು ಕಡಮೆ. ಅದು ತಿಂಗಳು ತಿಂಗಳಿಗೆ ಮೆಲ್ಲಮೆಲ್ಲನೆ ಹೆಚ್ಚುತ್ತದೆ. ಅಷ್ಟರವರೆಗೆ ಮಗುವಿನ ಲಾಲಾರಸದಲ್ಲಿಯೂ ತಾಯಿಯ ಹಾಲಿನಲ್ಲಿಯೂ ಇರುವ ಅಮೈಲೇಸೇ ಅದಕ್ಕೆ ಆಧಾರ. ಇಂಥ ಮಗುವಿಗೆ ಮೊದಲ ಅನ್ನವಾಗಿ ನಮ್ಮವರು ಕೊಡುತ್ತ ಬಂದದ್ದು ಮೊಳಕೆಯ ರಾಗಿಯ ಸರಿ. ಮೊಳೆಯುವ ಕಾಳು ತನ್ನ ಸಸಿಯನ್ನು ಪೋಷಿಸುವುದಕ್ಕಾಗಿ ತಾನೇ ಅಮೈಲೇಸನ್ನು ಉತ್ಪಾದಿಸುತ್ತದೆ. ಫ್ರಾನ್ಸಿನ ಪೇಯೆನ್ ಮತ್ತು ಪೆರ್ಸೋಜ್ 1833ರಲ್ಲಿ ಮೊಳೆತ ಬಾರ್ಲಿಯಿಂದ ಬೇರ್ಪಡಿಸಿದ ಡಯಾಸ್ಟೇಸ್ ಇದೇ ಬಗೆಯದು. ಮೊಳಕೆ ಬಾರದ ರಾಗಿಯ ಗಂಜಿ ಬೆಂದೊಡನೆ ದಪ್ಪವಾಗುತ್ತದೆ. ಮಗು ನುಂಗಲೆಂದು ನೀರು ಬೆರೆಸಿದರೆ, ಪುಟ್ಟ ಹೊಟ್ಟೆ ನೀರಿನಿಂದಲೇ ತುಂಬಿ ಅನ್ನದ ಸಾರ ಕುಂದುತ್ತದೆ. ಮೊಳಕೆಯ ಹಿಟ್ಟಾದರೆ ಕಿಣ್ವವು ಪಿಷ್ಟವನ್ನು ತುಂಡರಿಸುವುದರಿಂದ ಹೆಚ್ಚು ಹಿಟ್ಟು ಹಾಕಿದರೂ ಸರಿ ತೆಳ್ಳಗೆ ಇರುತ್ತದೆ. ಮೇಲೆ ಹೇಳಿದ ಮೈಸೂರಿನ ಸಂಸ್ಥೆಯಲ್ಲಿ ಎನ್. ಜಿ. ಮಲ್ಲೇಶಿ ಮತ್ತು ಎಚ್. ಎಸ್. ಆರ್. ದೇಶಿಕಾಚಾರ್ ಅವರು ಮೊಳೆತ ರಾಗಿ ಮತ್ತು ಹೆಸರುಕಾಳುಗಳಿಂದ ಶಿಶು ಆಹಾರವೊಂದನ್ನು ರೂಪಿಸಿ 1982ರಲ್ಲಿ ಪ್ರಕಟಿಸಿದ್ದು ಈ ಗುಣವನ್ನೇ ಆಧರಿಸಿ.

ಆದುದರಿಂದ ಆರು ತಿಂಗಳು ತುಂಬಿದ ಮಗುವಿಗೆ, ತಾಯಿಯ ಹಾಲನ್ನು ಬಿಡಿಸದೆ, ಸರಿ ಕೊಡಲು ತೊಡಗುವ ತಾಯಂದಿರಲ್ಲಿ ನನ್ನದೊಂದು ಬಿನ್ನಹ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದಮೇಲೆ ಚೆನ್ನಾಗಿ ಒಣಗಿಸಿ, ಮೊಳಕೆಯನ್ನು ಉಜ್ಜಿ ಕೇರಿ, ಘಮ ಬರುವಷ್ಟು ಮಾತ್ರ ಹದವಾಗಿ ಬಿಸಿ ಮಾಡಿ ಬೀಸಿಸಿ; ಕಪ್ಪಾಗುವಂತೆ ಹುರಿದರೆ ಕಿಣ್ವ ಸತ್ತುಹೋಗಿ ಮೊಳಕೆ ಕಟ್ಟಿದ ಶ್ರಮ ವ್ಯರ್ಥವಾಗುತ್ತದೆ. ಒಲೆಯ ಮೇಲಿಟ್ಟಾಗಲೂ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಸಣ್ಣ ಉರಿಯಲ್ಲಿ ನಿಧಾನವಾಗಿ ಕಾಯಿಸಿ, ಕಡೆಯಲ್ಲಿ ಚೆನ್ನಾಗಿ ಕುದಿಸಿ ಇಳಿಸಿ.