ಸಣ್ಣ ಹಳ್ಳಿಯ ಶಾಲೆ: ದಾಖಲಾತಿ, ಹಾಜರಿ, ಕಲಿಕೆ

ಪ್ರಾಥಮಿಕ ಶಿಕ್ಷಣವನ್ನು ಕುರಿತ ಚರ್ಚೆಗಳಲ್ಲಿ ಎರಡು ಅಂಕಿಗಳು ಪದೇ ಪದೇ ಕೇಳಿಬರುತ್ತವೆ: ಶಾಲೆಗೆ ದಾಖಲಾದ ಮಕ್ಕಳೆಷ್ಟು, ಅವರಲ್ಲಿ ತರಗತಿಗೆ ತಕ್ಕಷ್ಟು ಕಲಿತವರು ಶೇಕಡಾ ಎಷ್ಟು. ಪಟ್ಟಣದ ದೊಡ್ಡ ಶಾಲೆಗೆ ಸಲ್ಲುವ ಈ ಅಳತೆಗೋಲನ್ನೇ ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರ ಹೋಬಳಿಯಂತಹ ಕಡೆಯ ಸಣ್ಣ ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಗೂ ಹಿಡಿದರೆ, ಬಂದ ಫಲವನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನು ಇಲ್ಲಿ ವಿಚಾರಿಸಲು ಉದ್ದೇಶಿಸಿದ್ದೇವೆ. ಇದು ಕೇವಲ ಗಣಿತದ ಪ್ರಶ್ನೆಯಲ್ಲ. ದಾಖಲಾತಿ ತೀರ ಇಳಿದ ಶಾಲೆಯನ್ನು ನೆರೆಯೂರಿನ ಶಾಲೆಯೊಡನೆ ವಿಲೀನಗೊಳಿಸುವ ಮಾತು ನಮ್ಮ ರಾಜ್ಯದಲ್ಲಿ ಆಗಾಗ ಏಳುವುದರಿಂದ, ಅಂಕಿಯನ್ನು ತಪ್ಪಾಗಿ ಓದಿದರೆ ಊರೊಂದು ತನ್ನ ಶಾಲೆಯನ್ನೇ ಕಳೆದುಕೊಳ್ಳಬೇಕಾದೀತು.

ದಾಖಲಾತಿ ಇಳಿದೊಡನೆ ಶಿಕ್ಷಕರನ್ನು ದೂರುವುದು ವಾಡಿಕೆ. ಆದರೆ ಮೊದಲು ಊರಿನ ತೊಟ್ಟಿಲುಗಳನ್ನು ಎಣಿಸಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸ್ತ್ರೀಯೊಬ್ಬಳಿಗೆ ಸರಾಸರಿ 1.7 ಮಕ್ಕಳು, ಜನಸಂಖ್ಯೆ ಇದ್ದಂತೆಯೇ ಉಳಿಯಲು ಬೇಕಾದ ಪ್ರಮಾಣ ಸುಮಾರು 2.1. ಹುಟ್ಟುವ ಮಕ್ಕಳೇ ಕಡಿಮೆಯಾದ ಮೇಲೆ ಒಂದನೆಯ ತರಗತಿ ತುಂಬುವುದೆಂತು? ಉಳಿದವರಲ್ಲಿ ಕೆಲವರನ್ನು ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಯ ಬಸ್ಸು ಕರೆದೊಯ್ಯುತ್ತದೆ. ಈ ಎರಡು ಕಾರಣಗಳನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕದೆ ಶಾಲೆಯ ಗುಣದ ಬಗೆಗೆ ತೀರ್ಪು ಕೊಡುವುದು ಸಾಧುವಲ್ಲ.

ಫಲಿತಾಂಶದ ವಿಷಯ ಇದಕ್ಕಿಂತ ಸೂಕ್ಷ್ಮವಾದುದು. ಒಂದು ತರಗತಿಯಲ್ಲಿ 8 ಮಕ್ಕಳಿರುವರೆಂದು ಭಾವಿಸೋಣ. ಪ್ರತಿಯೊಂದು ಮಗುವೂ ಪಾಠವನ್ನು ಸರಾಗವಾಗಿ ಓದಬಲ್ಲ ಸಂಭವ ನಾಲ್ಕರಲ್ಲಿ ಮೂರು ಭಾಗವಿರಲಿ; ಶಿಕ್ಷಕರೂ ಪಾಠಕ್ರಮವೂ ವರ್ಷದಿಂದ ವರ್ಷಕ್ಕೆ ಬದಲಾಗದಿರಲಿ. ಆಗಲೂ ಓದಬಲ್ಲವರ ಸಂಖ್ಯೆ ಒಂದು ವರ್ಷ 4 ಆಗಬಹುದು, ಇನ್ನೊಂದು ವರ್ಷ 8 ಆಗಬಹುದು. ಅಂದರೆ ಫಲಿತಾಂಶ ಶೇಕಡಾ 50ರಿಂದ 100ರವರೆಗೆ ಓಲಾಡುವುದು ಸಹಜ. ಸಂಭವನೀಯತೆಯ ಲೆಕ್ಕದಂತೆ ನೂರರಲ್ಲಿ ಸುಮಾರು 97 ಸಲ ಅದು ಈ ಎಲ್ಲೆಯೊಳಗೆ ಇರುತ್ತದೆ. ಅದೇ 80 ಮಕ್ಕಳ ಗುಂಪಾದರೆ, ಅಷ್ಟೇ ಸಂಭವಕ್ಕೆ, ಫಲಿತಾಂಶ ಶೇಕಡಾ 65ರಿಂದ 85ರ ನಡುವೆ ನಿಲ್ಲುತ್ತದೆ. ಸಣ್ಣ ಶಾಲೆಯಲ್ಲಿ ಒಂದು ಮಗು ಜ್ವರದಿಂದ ಮಲಗಿದರೆ ಶೇಕಡಾ ಹನ್ನೆರಡೂವರೆ ಮಲಗಿದಂತೆ!

ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಹೊವರ್ಡ್ ವೈನರ್ 2007ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಈ ಮರ್ಮವನ್ನು ಬಿಡಿಸಿ ತೋರಿಸಿದರು. ಪೆನ್ಸಿಲ್ವೇನಿಯಾದ ಶಾಲೆಗಳ ಪೈಕಿ ಅತ್ಯುತ್ತಮವಾದವುಗಳ ಪಟ್ಟಿಯಲ್ಲಿ ಸಣ್ಣ ಶಾಲೆಗಳು ನಿರೀಕ್ಷೆಗಿಂತ ಹೆಚ್ಚಾಗಿದ್ದವು. ಅತ್ಯಂತ ಹಿಂದುಳಿದವುಗಳ ಪಟ್ಟಿಯಲ್ಲಿಯೂ ಅಷ್ಟೇ. ಮೊದಲನೆಯ ಪಟ್ಟಿಯನ್ನು ಮಾತ್ರ ನೋಡಿದವರು ಸಣ್ಣ ಶಾಲೆಯೇ ಶ್ರೇಷ್ಠವೆನ್ನುತ್ತಾರೆ, ಎರಡನೆಯದನ್ನು ಮಾತ್ರ ನೋಡಿದವರು ಅದನ್ನು ಮುಚ್ಚಬೇಕೆನ್ನುತ್ತಾರೆ. ಆದುದರಿಂದ ಇಂತಹ ಶಾಲೆಯ ಒಂದು ವರ್ಷದ ಶೇಕಡಾವಾರನ್ನು ಹಿಡಿದು ಪ್ರಬಂಧ ಬರೆಯಹೊರಡುವ ವಿದ್ಯಾರ್ಥಿಗಳು ಕಡೆಯಪಕ್ಷ ನಾಲ್ಕೈದು ವರ್ಷಗಳ ಅಂಕಿಗಳನ್ನು ಕೂಡಿಸಿ ನೋಡುವುದು ಒಳ್ಳೆಯದು.

ದಾಖಲಾತಿಗೂ ಕಲಿಕೆಗೂ ನಡುವೆ ಹಾಜರಿಯೆಂಬ ಸೇತುವೆಯಿದೆ. ಈ ಸೀಮೆಯಲ್ಲಿ ಅದು ಅಲುಗಾಡುವುದು ಬೆಳೆಯ ಪಂಚಾಂಗಕ್ಕೆ ಅನುಸಾರವಾಗಿ. ಪಿರಿಯಾಪಟ್ಟಣ, ಹುಣಸೂರು, ಹೆಗ್ಗಡದೇವನಕೋಟೆ ತಾಲ್ಲೂಕುಗಳು ವರ್ಜೀನಿಯಾ ಹೊಗೆಸೊಪ್ಪಿನ ನಾಡು. ಮುಂಗಾರಿನ ಆರಂಭದಲ್ಲಿ ನಾಟಿ. ಜುಲೈ ಆಗಸ್ಟ್ ವೇಳೆಗೆ ಎಲೆ ಮುರಿಯುವ ಕೆಲಸ. ಮುರಿದ ಎಲೆಯನ್ನು ಕಡ್ಡಿಗೆ ಕಟ್ಟಿ, ಬ್ಯಾರನ್ನಿನಲ್ಲಿ ತೂಗುಹಾಕಿ, ಹಗಲಿರುಳೂ ಬೆಂಕಿ ಕಾಯ್ದು ಹದಮಾಡುವ ಕೆಲಸ. ಶಾಲೆಯ ಮೊದಲ ಅವಧಿ ನಡೆಯುವುದೂ ಇದೇ ತಿಂಗಳುಗಳಲ್ಲಿ. ಮನೆಯ ಕೈಗಳೆಲ್ಲ ಸೊಪ್ಪಿಗೆ ತಗುಲಿದಾಗ ಹತ್ತು ವರ್ಷದ ಹುಡುಗಿಯೊಬ್ಬಳು ತಮ್ಮನನ್ನು ನೋಡಿಕೊಳ್ಳಲೋ ಕಡ್ಡಿಗೆ ಎಲೆ ಎತ್ತಿಕೊಡಲೋ ಮನೆಯಲ್ಲೇ ಉಳಿದರೆ ಆಶ್ಚರ್ಯವೇನು? 2016ರ ತಿದ್ದುಪಡಿಯಾದ ಬಾಲಕಾರ್ಮಿಕ ಕಾನೂನು ಮನೆಯವರ ಅಪಾಯವಿಲ್ಲದ ಕಸುಬಿನಲ್ಲಿ ಮಗು ನೆರವಾಗುವುದನ್ನು ಶಾಲೆಯ ವೇಳೆಯ ಹೊರಗೆ ಮಾತ್ರ ಒಪ್ಪುತ್ತದೆ. ಒದ್ದೆಯಾದ ಹಸಿ ಹೊಗೆಸೊಪ್ಪಿನಿಂದ ನಿಕೋಟಿನ್ ಚರ್ಮದ ಮೂಲಕ ಮೈಗಿಳಿದು ತಲೆಸುತ್ತು, ವಾಂತಿ ತರುತ್ತದೆಂಬುದನ್ನೂ ಇಲ್ಲಿ ನೆನೆಯತಕ್ಕದ್ದು. ವರ್ಷದ ಸರಾಸರಿ ಹಾಜರಿ ಇದಾವುದನ್ನೂ ಹೇಳದು. ತಿಂಗಳವಾರು ಹಾಜರಿಯನ್ನು ಬಿಡಿಸಿ ನೋಡಿದವರಿಗೆ ಮಾತ್ರ ಇದು ತಿಳಿದೀತು.

ಇನ್ನು ಶಿಕ್ಷಕರ ಸಂಖ್ಯೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದರವರೆಗಿನ ತರಗತಿಗಳಲ್ಲಿ ಒಟ್ಟು 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ವರ್ಷಕ್ಕೆ 800 ಗಂಟೆಗಳ ಬೋಧನೆ. ತರಗತಿಗಳು ಐದು, ಶಿಕ್ಷಕರು ಇಬ್ಬರು ಎಂದಮೇಲೆ, ತರಗತಿಗಳನ್ನು ಬೇರೆ ಬೇರೆಯಾಗಿಯೇ ಕಲಿಸುವುದಾದರೆ, ಒಂದೊಂದರ ಪಾಲಿಗೆ ಬರುವುದು 320 ಗಂಟೆ. ಒಬ್ಬರು ತರಬೇತಿಗೋ ಸಭೆಗೋ ಹೋದ ದಿನ ಅದರಲ್ಲಿಯೂ ಅರ್ಧ.

ಈ ತೊಡಕಿಗೆ ಉತ್ತರವೊಂದು ನೆರೆಯ ತಾಲ್ಲೂಕಿನಲ್ಲಿಯೇ ಹುಟ್ಟಿತೆಂಬುದು ಗಮನಾರ್ಹ. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ಋಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ಕಂಡುಬಂದು, ಯುನಿಸೆಫ್ ನೆರವಿನಿಂದ ‘ನಲಿ-ಕಲಿ’ ಪದ್ಧತಿಯನ್ನು ಆರಂಭಿಸಿದರು. ಇದರಲ್ಲಿ ಪಾಠವು ಸಣ್ಣ ಸಣ್ಣ ಮೆಟ್ಟಿಲುಗಳ ಏಣಿಯಾಗಿ, ಕಾರ್ಡುಗಳ ರೂಪದಲ್ಲಿದೆ. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ಕೆಲವರು ಶಿಕ್ಷಕರೊಡನೆ, ಕೆಲವರು ಜೊತೆಗಾರರೊಡನೆ, ಕೆಲವರು ತಾವಾಗಿಯೇ ಕಲಿಯುತ್ತಾರೆ. ಮೂರು ವಾರ ಬಾರದಿದ್ದ ಮಗು ಮರಳಿದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಹೊಗೆಸೊಪ್ಪಿನ ನಾಡಿಗೆ ಇದಕ್ಕಿಂತ ಹೊಂದುವ ಏರ್ಪಾಟು ನಮಗೆ ಕಾಣದು. 2009–10ರ ವೇಳೆಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಇದು ಹರಡಿತು. ಆದರೆ ಏಣಿ ಮೂರನೆಯ ತರಗತಿಗೇ ಮುಗಿಯುತ್ತದೆ. ನಾಲ್ಕನೆಯ ತರಗತಿಯಲ್ಲಿ ಎಲ್ಲರಿಗೂ ಒಂದೇ ಪಠ್ಯಪುಸ್ತಕ; ಆಗಸ್ಟಿನಲ್ಲಿ ಬ್ಯಾರನ್ನಿನ ಬಳಿ ಉಳಿದ ಮಗು ಸೆಪ್ಟೆಂಬರಿನಲ್ಲಿ ಮರಳುವಾಗ ಪಾಠ ಮುಂದೆ ಹೋಗಿರುತ್ತದೆ. ಐದನೆಯ ತರಗತಿಯ ಮಕ್ಕಳ ಓದನ್ನು ಪರೀಕ್ಷಿಸಬಯಸುವವರು ಅವರ ನಾಲ್ಕನೆಯ ತರಗತಿಯ ಮೊದಲ ಅವಧಿಯ ಹಾಜರಿ ಪುಸ್ತಕವನ್ನೂ ಜೊತೆಯಲ್ಲಿಟ್ಟುಕೊಂಡೇ ಕುಳಿತುಕೊಳ್ಳಬೇಕು.